ಮೂರು ಮಿಲಿಮೀಟರಿನ ಅಂತರ

ಮೂಡಿಗೆರೆಯ ಸಮೀಪದ ಒಂದು ಹಳ್ಳಿಯ ಮನೆ. ಎರಡು ಎಕರೆ ಕಾಫಿ, ಮರಗಳಿಗೆ ಹಬ್ಬಿದ ಒಂದಿಷ್ಟು ಮೆಣಸು, ಒಂದು ಹಸು, ಒಂದು ಹಳೆಯ ಪಿಕಪ್ ಗಾಡಿ. ಇವುಗಳಲ್ಲಿ ಸಂಸಾರವನ್ನು ನಿಜವಾಗಿ ಸಾಕುತ್ತಿದ್ದುದು ಪಿಕಪ್ಪೇ ಎಂದರೆ ತಪ್ಪಾಗಲಾರದು. ಕಾಫಿಗೆ ವರ್ಷಕ್ಕೊಮ್ಮೆ ದುಡ್ಡು. ಪಿಕಪ್ಪಿಗೆ ವಾರಕ್ಕೆ ಮೂರು ಸಲ ಬಾಡಿಗೆ. ಊರಿನವರ ಶುಂಠಿ, ಬೀನ್ಸ್, ಎಲೆಕೋಸು ಹೊತ್ತುಕೊಂಡು ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು, ಉಜಿರೆ, ಬೆಳ್ತಂಗಡಿಯ ಕಡೆಗೆ ಅದರ ಪಯಣ. 2003ರಲ್ಲಿ ತಯಾರಾದ, ಒಂದು ಟನ್ ಹೊರುವ ಗಾಡಿ. ಮನೆಯ ಯಜಮಾನರು ಅದನ್ನು ಎರಡನೆಯ ಕೈಯಲ್ಲಿ ಕೊಂಡು ಎಂಟು ವರ್ಷವಾಗಿತ್ತು.

ಮಗಳು ಉಜಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಎರಡನೆಯ ಪಿ.ಯು. ವಿಜ್ಞಾನ ಓದುತ್ತಿದ್ದಳು. 2022ರ ಆಷಾಢದ ಒಂದು ಸೋಮವಾರ ಬೆಳಗ್ಗೆ ಅಪ್ಪನ ಜೊತೆ ಅದೇ ಗಾಡಿಯಲ್ಲಿ ಹೊರಟಿದ್ದಳು. ಕೊಟ್ಟಿಗೆಹಾರದಲ್ಲಿ ಇಬ್ಬರೂ ನೀರುದೋಸೆ ತಿಂದರು. ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಘಾಟಿಯ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂದಿತೆಂದು ಅಪ್ಪ ಬ್ರೇಕ್ ತುಳಿದರು. ಮುಂದಿನ ಚಕ್ರಗಳು ಹೇಳಿದ ಮಾತು ಕೇಳಿದವು. ಹಿಂಭಾಗ ಮಾತ್ರ ತನ್ನಷ್ಟಕ್ಕೆ ಪಕ್ಕಕ್ಕೆ ಸರಿದು, ತಡೆಗೋಡೆಗೆ ಮೆಲ್ಲಗೆ ತಾಗಿ ನಿಂತಿತು. ಗೋಡೆಯ ಆಚೆ ಬರೀ ಮಂಜು.

ಅಪ್ಪ ಇಳಿದು ಹೋಗಿ ನೋಡಿ ಬಂದರು. ‘ಎಂತ ಆಗ್ಲಿಲ್ಲ. ರಸ್ತೆ ಜಾರು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಅಮ್ಮನ ಹತ್ರ ಹೇಳೋದು ಬೇಡ’ ಎಂದು ಸೇರಿಸಿದರು.

ಜಾರು ರಸ್ತೆ ಎಂಬುದು ಘಾಟಿಯ ಚಾಲಕರಿಗೆ ಒಂದು ಅನುಕೂಲದ ಉತ್ತರ. ಆದರೆ ಅದೇ ರಸ್ತೆಯಲ್ಲಿ ಹಿಂದೆ ಬರುತ್ತಿದ್ದ ಜೀಪು ಜಾರಿರಲಿಲ್ಲವಲ್ಲ! ಮಗಳಿಗೆ ಆ ವಾರವೆಲ್ಲ ಪಾಠ ಕೇಳುವಾಗಲೂ ಆ ಒಂದು ಕ್ಷಣವೇ ಕಣ್ಣ ಮುಂದೆ ಬರುತ್ತಿತ್ತು.

ಶನಿವಾರ ಮನೆಗೆ ಬಂದಾಗ ಗಾಡಿ ಗ್ಯಾರೇಜಿನಲ್ಲಿತ್ತು. ಎಫ್.ಸಿ.ಗೆ ಇನ್ನು ಮೂರೇ ವಾರ ಉಳಿದಿತ್ತು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷವೂ ಯೋಗ್ಯತಾ ಪತ್ರ ಪಡೆಯಬೇಕು. ಅದಿಲ್ಲದೆ ರಸ್ತೆಗೆ ಇಳಿಸುವಂತಿಲ್ಲ. ಮೇಸ್ತ್ರಿ ಹಿಂದಿನ ಎರಡೂ ಡ್ರಮ್ ಬಿಚ್ಚಿದ್ದ. ಬಲಗಡೆಯ ವೀಲ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಜಿನುಗುತ್ತಿತ್ತು. ಎಡಗಡೆಯದು ಹೊಸದು, ಹಿಂದಿನ ವರ್ಷ ಬೇರೆಲ್ಲೋ ಗಾಡಿ ಕೆಟ್ಟು ನಿಂತಾಗ ಹಾಕಿಸಿದ್ದು. ‘ಬಲಗಡೆಗೂ ಒಂದು ಹೊಸದು ತಂದುಬಿಡಿ, ಸಂಜೆಗೆ ಗಾಡಿ ಕೊಡ್ತೀನಿ’ ಎಂದ ಮೇಸ್ತ್ರಿ. ಪೇಟೆಯ ಅಂಗಡಿಯಲ್ಲಿ ಗಾಡಿಯ ಹೆಸರು, ‘2003 ಮಾಡೆಲ್, ಹಿಂದಿನ ಬ್ರೇಕ್’ ಎಂದಿಷ್ಟು ಹೇಳಿದ್ದಕ್ಕೆ ಒಂದು ಡಬ್ಬಿ ಸಿಕ್ಕಿತು. ತಂದು ಹಿಡಿದು ನೋಡಿದರು. ಬೋಲ್ಟಿನ ತೂತುಗಳು ಸರಿ, ಪೈಪಿನ ಮರೆ ಸರಿ, ಉದ್ದವೂ ಸರಿ. ಕೂರಿಸಿದರೆ ಕೂರುತ್ತದೆ.

ಅಪ್ಪನಿಗೆ ಚಹಾ ತಂದಿದ್ದ ಮಗಳು ಬೆಂಚಿನ ಮೇಲೆ ಬಿದ್ದಿದ್ದ ಹಳೆಯ ರಬ್ಬರ್ ಕಪ್ಪನ್ನು ಸುಮ್ಮನೆ ಕೈಗೆತ್ತಿಕೊಂಡು ಹೊಸ ಸಿಲಿಂಡರಿನ ಬಾಯಿಗೆ ಇಟ್ಟಳು. ಅದು ಒಳಗೆ ಲೊಡಲೊಡ ಎಂದಿತು.

ಗೋಡೆಯ ಮೊಳೆಗೆ ಒಂದು ವರ್ನಿಯರ್ ಕ್ಯಾಲಿಪರ್ ನೇತಾಡುತ್ತಿತ್ತು. ಐ.ಟಿ.ಐ. ಓದಿದ ಹುಡುಗನೊಬ್ಬ ಕೆಲಸ ಬಿಡುವಾಗ ಬಿಟ್ಟುಹೋದದ್ದು. ಅದನ್ನು ಒರೆಸಿ ಹಳೆಯ ಸಿಲಿಂಡರಿನ ಒಳವ್ಯಾಸ ಅಳೆದಳು. ಮುಖ್ಯ ಮಾನದಲ್ಲಿ 22, ವರ್ನಿಯರ್ ಮಾನದಲ್ಲಿ ಎರಡನೆಯ ಗೆರೆ ಕೂಡಿತ್ತು: 22.2 ಮಿಲಿಮೀಟರ್. ಹೊಸದರದು 25.4. ಆಮೇಲೆ ಎಡಚಕ್ರದಲ್ಲಿ ಇದ್ದುದನ್ನೂ ಬಿಚ್ಚಿಸಿ ನೋಡಿದರೆ ಅದೂ 25.4. ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ ಒಂದು ಮುಕ್ಕಾಲು ಅರೆಕಾಲು ಇಂಚಿನದು, ಇನ್ನೊಂದು ಪೂರಾ ಒಂದಿಂಚಿನದು.

‘ಮೂರು ಮಿಲಿಮೀಟರು ತಾನೇ?’ ಎಂದ ಮೇಸ್ತ್ರಿ.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ ವಿಷಯವಿದೆ. ಬ್ರೇಕಿನ ಪೆಡಲನ್ನು ತುಳಿದಾಗ ಕಾಲಿನ ಬಲ ಸರಳಿನ ಮೂಲಕ ಚಕ್ರಕ್ಕೆ ಹೋಗುವುದಿಲ್ಲ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಒಂದು ದ್ರವವನ್ನು ಒತ್ತುತ್ತದೆ. ಆ ಒತ್ತಡ ತೆಳುವಾದ ಪೈಪುಗಳಲ್ಲಿ ಸಾಗಿ ಚಕ್ರಗಳ ಬಳಿಯ ಸಣ್ಣ ಸಿಲಿಂಡರುಗಳನ್ನು ಮುಟ್ಟುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮ ಹೈಸ್ಕೂಲಿನ ಪುಸ್ತಕದಲ್ಲೇ ಇದೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 1662ರಲ್ಲಿ ತೀರಿಕೊಂಡ. ದ್ರವಗಳ ಸಮತೋಲವನ್ನು ಕುರಿತ ಅವನ ಗ್ರಂಥ ಅಚ್ಚಾದದ್ದು ಮರುವರ್ಷ. ಅದು ಮೋಟಾರಿನ ಚಕ್ರಗಳನ್ನು ತಲುಪಲು ಎರಡೂವರೆ ಶತಮಾನ ಹಿಡಿಯಿತು. ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ದ್ರವದ ಬ್ರೇಕ್ ಬಂದದ್ದು 1921ರಲ್ಲಿ.

ಒತ್ತಡ ಎರಡೂ ಚಕ್ರಕ್ಕೆ ಸಮ. ಆದರೆ ಬಲ ಸಮವಲ್ಲ. ಬಲವೆಂದರೆ ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದ್ದು. ವಿಸ್ತೀರ್ಣ ಬೆಳೆಯುವುದು ವ್ಯಾಸದಂತೆ ಅಲ್ಲ, ವ್ಯಾಸದ ವರ್ಗದಂತೆ. 22.2 ಮಿ.ಮೀ. ವ್ಯಾಸದ ಪಿಸ್ಟನ್ನಿನ ಮುಖ ಸುಮಾರು 387 ಚದರ ಮಿ.ಮೀ. 25.4ರದು 507. ಮೂರು ಮಿಲಿಮೀಟರೆಂದು ಕೈಬೀಸಿ ತಳ್ಳಿದ್ದು ಲೆಕ್ಕಕ್ಕೆ ಬಂದಾಗ ಶೇಕಡ 31ರಷ್ಟಾಗಿತ್ತು. ಒಂದು ವರ್ಷದಿಂದ ಆ ಗಾಡಿಯ ಹಿಂದಿನ ಎಡಚಕ್ರದ ಬ್ರೇಕ್ ಶೂಗಳನ್ನು ಬಲಚಕ್ರದ್ದಕ್ಕಿಂತ ಶೇಕಡ 31 ಹೆಚ್ಚು ಬಲ ನೂಕುತ್ತಿತ್ತು. ಬಲಗಡೆ ಆಯಿಲ್ ಜಿನುಗಿ ಶೂಗಳು ತೊಯ್ದ ಮೇಲೆ ಅಂತರ ಇನ್ನೂ ಹೆಚ್ಚಿರಬೇಕು. ಒಣ ರಸ್ತೆಯಲ್ಲಿ ಅದು ತಿಳಿಯುವುದಿಲ್ಲ. ಒದ್ದೆ ರಸ್ತೆಯಲ್ಲಿ ಎಡಚಕ್ರ ಮೊದಲು ಸ್ತಬ್ಧವಾಗುತ್ತದೆ. ಉರುಳುವ ಚಕ್ರ ರಸ್ತೆಯನ್ನು ಅಡ್ಡಡ್ಡಕ್ಕೂ ಹಿಡಿದಿರುತ್ತದೆ. ಉರುಳದೆ ಜಾರುವ ಚಕ್ರಕ್ಕೆ ಆ ಹಿಡಿತ ಇರುವುದಿಲ್ಲ. ಬಾಲ ಪಕ್ಕಕ್ಕೆ ಹೋದದ್ದು ಹೀಗೆ.

ಮೇಸ್ತ್ರಿ ಒಳ್ಳೆಯ ಕೆಲಸಗಾರ. ಲೆಕ್ಕ ಕೇಳಿ ನಗಲಿಲ್ಲ. ‘ಹಂಗಾದ್ರೆ ಎರಡೂ ಕಡೆ ಒಂದಿಂಚಿನದೇ ಇರಲಿ ಬಿಡಮ್ಮ. ಎರಡೂ ಸಮ ಆಯ್ತಲ್ಲ’ ಎಂದ. ಅಪ್ಪನಿಗೂ ಅದು ಸರಿಯೆನಿಸಿತು. ಡಬ್ಬಿ ಕೈಯಲ್ಲೇ ಇದೆ. ನಾಳೆ ಶುಂಠಿಯ ಬಾಡಿಗೆಯೂ ಇದೆ. ಮಗಳಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆದರೆ ಗಾಡಿ ಮಾಡಿದವರು ಮೊದಲು ಚಿಕ್ಕದನ್ನೇ ಏಕೆ ಇಟ್ಟಿದ್ದರು ಎಂದು ಕೇಳಿದಳು. ಅದಕ್ಕೆ ಮೇಸ್ತ್ರಿಯ ಬಳಿ ಉತ್ತರವಿರಲಿಲ್ಲ. ಅಪ್ಪ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಶುಂಠಿಯವರಿಗೆ ಫೋನ್ ಮಾಡಿ, ಬೇರೆ ಗಾಡಿ ನೋಡಿಕೊಳ್ಳಿ ಎಂದರು. ಆ ಫೋನ್ ಮಾಡುವುದು ಅವರಿಗೆ ಸುಲಭವಿರಲಿಲ್ಲ. ಒಮ್ಮೆ ಕೈತಪ್ಪಿದ ಬಾಡಿಗೆ ಎಷ್ಟೋ ಸಲ ಕಾಯಂ ಆಗಿ ತಪ್ಪುತ್ತದೆ.

ಸೋಮವಾರ ಕಂಪನಿಯ ಅಧಿಕೃತ ಬಿಡಿಭಾಗಗಳ ಅಂಗಡಿಗೆ ಹೋದಾಗ ಗುಟ್ಟು ಬಿಡಿಸಿಕೊಂಡಿತು. ಅಲ್ಲಿನವರು ಮಾಡೆಲ್ ಯಾವ ವರ್ಷದ್ದೆಂದು ಕೇಳಲೇ ಇಲ್ಲ. ಛಾಸಿ ನಂಬರ್ ಕೇಳಿದರು. ಬಿಡಿಭಾಗಗಳ ಪಟ್ಟಿಯಲ್ಲಿ ಅದೇ ಗಾಡಿಗೆ, ಅದೇ ವರ್ಷಕ್ಕೆ, ಎರಡು ವೀಲ್ ಸಿಲಿಂಡರುಗಳಿದ್ದವು: ಇಂಥ ಛಾಸಿ ನಂಬರಿನವರೆಗೆ ಒಂದು, ಅಲ್ಲಿಂದಾಚೆಗೆ ಇನ್ನೊಂದು. ತಯಾರಕರು ವರ್ಷದ ನಡುವೆ ಬ್ರೇಕಿನ ಜೋಡಣೆಯನ್ನೇ ಬದಲಿಸಿದ್ದರು. ಹೊಸ ಸಿಲಿಂಡರಿಗೆ ತಕ್ಕಂತೆ ಮಾಸ್ಟರ್ ಸಿಲಿಂಡರ್, ಮುಂದಿನ ಬ್ರೇಕು ಎಲ್ಲವೂ ಬದಲಾಗಿದ್ದವು. ಈ ಪಿಕಪ್ ಬದಲಾವಣೆಗೆ ಮೊದಲಿನದು. ವಾಹನಗಳ ಜಗತ್ತಿನಲ್ಲಿ ಇದು ಅಪರೂಪವೇನೂ ಅಲ್ಲ. ತಯಾರಕರು ಸುಧಾರಣೆಗಳನ್ನು ಜನವರಿ ಒಂದನೆಯ ತಾರೀಖಿಗೆಂದು ಕಾಯುತ್ತ ಕೂರುವುದಿಲ್ಲ. ಆರ್.ಸಿ. ಪುಸ್ತಕದ ವರ್ಷವನ್ನಷ್ಟೇ ನಂಬಿ ಬ್ರೇಕಿನ ಸಾಮಾನು ಕೊಳ್ಳುವುದೆಂದರೆ ಹುಟ್ಟಿದ ವರ್ಷ ಹೇಳಿ ಅಂಗಿ ಹೊಲಿಸಿದ ಹಾಗೆ.

‘ನಿಮ್ಮದು ಹಳೇ ನಂಬರು. ಈಗ ಬರ್ತಿಲ್ಲ’ ಎಂದು ಅವರು ಪಟ್ಟಿ ಮುಚ್ಚಿದರು.

ಮಗಳು ಆ ದಿನ ಕಾಲೇಜಿಗೆ ಹೋಗಿರಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಸೋಮವಾರ ರಾತ್ರಿಯ ಬಸ್ಸಿಗೆ ಅಪ್ಪ ಮಗಳು ಬೆಂಗಳೂರಿಗೆ ಹೊರಟರು. ಹಳೆಯ ಸಿಲಿಂಡರ್ ಬಟ್ಟೆಯ ಚೀಲದಲ್ಲಿತ್ತು. ಛಾಸಿ ನಂಬರನ್ನು ಅಪ್ಪ ಪೆನ್ಸಿಲಿನಿಂದ ಕಾಗದದ ಮೇಲೆ ಉಜ್ಜಿ ಅಚ್ಚು ತೆಗೆದುಕೊಂಡಿದ್ದರು. ಎರಡು ದಿನದ ಪಾಠ ತಪ್ಪುತ್ತದೆಂದು ತಾಯಿಗೆ ಅಸಮಾಧಾನವಿತ್ತು. ಒಂದು ಸಾಮಾನು ತರಲು ಇಬ್ಬರು ಏಕೆ ಎಂಬ ಅವರ ಪ್ರಶ್ನೆಗೆ ಇಬ್ಬರೂ ಸರಿಯಾದ ಉತ್ತರ ಕೊಡಲಿಲ್ಲ.

ಬೆಂಗಳೂರಿನ ಪುರಭವನದ ಎದುರಿನಿಂದ ಮಿನರ್ವ ವೃತ್ತದ ಕಡೆಗೆ ಹೋಗುವ ಜಯಚಾಮರಾಜೇಂದ್ರ ರಸ್ತೆಗೆ ಯಾರೂ ಪೂರ್ಣ ಹೆಸರು ಹೇಳುವುದಿಲ್ಲ. ಜೆ.ಸಿ. ರಸ್ತೆಯೆಂದರೆ ಕರ್ನಾಟಕದ ಯಾವ ಮೂಲೆಯ ಮೇಸ್ತ್ರಿಗೂ ಗೊತ್ತು. ಮೋಟಾರಿನ ಬಿಡಿಭಾಗಗಳ ಅಂಗಡಿಗಳು ಒಂದಕ್ಕೊಂದು ಆತುಕೊಂಡು ನಿಂತಿರುವ ರಸ್ತೆ ಅದು. ಮೊದಲ ನಾಲ್ಕು ಅಂಗಡಿಗಳಲ್ಲಿ ಒಂದಿಂಚಿನದೇ ಸಿಕ್ಕಿತು. ಐದನೆಯ ಕಡೆ ಅಚ್ಚಗೆ 22.2ರದೇ ಇತ್ತು, ಬೆಲೆಯೂ ಬಹಳ ಕಡಿಮೆ. ಡಬ್ಬಿಯ ಮೇಲೆ ಹೆಸರಾಂತ ಕಂಪನಿಯ ಗುರುತು. ಆದರೆ ಅಕ್ಷರಗಳ ಬಣ್ಣ ಅಂಚು ಮೀರಿತ್ತು. ಒಳಗಿನ ಎರಕದ ಮೇಲೆ ಯಾವ ಸಂಖ್ಯೆಯೂ ಇಲ್ಲ. ಸಿಲಿಂಡರಿನ ಒಳಗೋಡೆಗೆ ಬೆರಳಿಟ್ಟರೆ ಒರಟು ತಾಗುತ್ತಿತ್ತು. ಅಪ್ಪ ಅದನ್ನು ಮರಳಿಸಿದರು. ಅಂಗಡಿಯ ಹುಡುಗ, ‘ಲೋಕಲ್ಲು, ಆದ್ರೆ ಚೆನ್ನಾಗ್ ನಡೀತದೆ’ ಎಂದ. ನಡೆಯುವುದೇನೋ ನಡೆಯುತ್ತದೆ, ಬೇಕಾಗಿದ್ದುದು ನಿಲ್ಲುವ ಸಾಮಾನು.

ಮಧ್ಯಾಹ್ನದ ಹೊತ್ತಿಗೆ ಒಂದು ಅಡ್ಡರಸ್ತೆಯ ಇಕ್ಕಟ್ಟಿನ ಅಂಗಡಿಗೆ ಬಂದರು. ಕನ್ನಡಕ ಮೂಗಿನ ತುದಿಗೆ ಬಂದಿದ್ದ ಹಿರಿಯರೊಬ್ಬರು ಕುಳಿತಿದ್ದರು. ಹಳೆಯ ಸಿಲಿಂಡರನ್ನು ತೂಗಿ ನೋಡಿ, ಮೇಜಿನ ಖಾನೆಯಿಂದ ತಮ್ಮದೇ ಕ್ಯಾಲಿಪರ್ ತೆಗೆದು ಅಳೆದರು. ಆಮೇಲೆ ಛಾಸಿ ನಂಬರಿನ ಕಾಗದ ನೋಡಿದರು. ಕೊನೆಯಲ್ಲಿ ಕೇಳಿದ ಪ್ರಶ್ನೆ ಅಲ್ಲಿಯವರೆಗೆ ಯಾರೂ ಕೇಳದಿದ್ದದ್ದು: ‘ಈ ಗಾಡೀಲಿ ಇದಕ್ಕೆ ಮುಂಚೆ ಏನೇನು ಬದಲಾಯಿಸಿದೀರ ಯಜಮಾನ್ರೇ? ಮಾಸ್ಟರು? ಡ್ರಮ್ಮು? ಹಿಂದಿನ ಆಕ್ಸಲ್ಲು?’

ಮಾಸ್ಟರ್ ಸಿಲಿಂಡರ್ ಮೊದಲಿನದೇ ಎಂದು ಅಪ್ಪ ಹೇಳಿದರು. ಎಲ್ಲರೂ ಎರಡೂ ಕಡೆ ಒಂದಿಂಚಿನದು ಹಾಕಿ ಅಂತಿದ್ದಾರೆ, ಹಾಕಿದರೆ ಏನಾಗುತ್ತದೆ ಎಂದು ಮಗಳು ಕೇಳಿದಳು.

‘ಎಳೆಯೋದು ನಿಲ್ಲುತ್ತಮ್ಮ. ಗಾಡಿ ನಿಲ್ಲೋದು ಬೇರೆ’ ಎಂದರು ಅವರು. ಗಾಡಿ ಇಳಿಜಾರಿನಲ್ಲಿ ಇರುವಾಗ, ಅದರಲ್ಲೂ ಬ್ರೇಕ್ ತುಳಿದಾಗ, ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ವಾಲುತ್ತದೆ. ಹಿಂದಿನ ಚಕ್ರಗಳು ಹಗುರಾಗುತ್ತವೆ. ಹಗುರಾದ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಟ್ಟರೆ ಅದು ಬೇಗ ಸ್ತಬ್ಧವಾಗಿ ಜಾರುತ್ತದೆ. ಖಾಲಿ ಗಾಡಿಯಲ್ಲಂತೂ ಇನ್ನೂ ಬೇಗ. ಅದಕ್ಕೇ ತಯಾರಕರು ಹಿಂದಿನ ಬ್ರೇಕನ್ನು ಅಳೆದು ತೂಗಿ ಇಟ್ಟಿರುತ್ತಾರೆ. ಕೆಲವು ಪಿಕಪ್ಪುಗಳಲ್ಲಿ ಹೇರಿದ ಭಾರ ನೋಡಿಕೊಂಡು ಹಿಂದಿನ ಒತ್ತಡವನ್ನು ಕಡಿಮೆ ಹೆಚ್ಚು ಮಾಡುವ ವಾಲ್ವ್ ಕೂಡ ಇರುತ್ತದೆ. ಎರಡೂ ಕಡೆ ದೊಡ್ಡದು ಹಾಕಿದರೆ ಒಂದು ಚಕ್ರ ಜಾರುವ ಬದಲು ಎರಡೂ ಜಾರುತ್ತವೆ. ಸಾಲದ್ದಕ್ಕೆ, ದೊಡ್ಡ ಸಿಲಿಂಡರು ತುಂಬಲು ಹೆಚ್ಚು ಆಯಿಲ್ ಬೇಕು. ಮಾಸ್ಟರ್ ನೂಕುವುದು ಮೊದಲಿನಷ್ಟೇ. ಆದ್ದರಿಂದ ಪೆಡಲ್ ಇನ್ನಷ್ಟು ಕೆಳಕ್ಕೆ ಹೋಗುತ್ತದೆ. ಮಗಳು ಮೇಸ್ತ್ರಿಗೆ ಕೇಳಿದ್ದ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು.

ಹುಡುಗನೊಬ್ಬ ಏಣಿ ಹಾಕಿ ಅಟ್ಟ ಹತ್ತಿದ. ಧೂಳು ಉದುರಿತು. ಅರ್ಧ ಗಂಟೆಯ ನಂತರ ಮೇಣದ ಕಾಗದದಲ್ಲಿ ಸುತ್ತಿದ ಮೂರು ಸಿಲಿಂಡರುಗಳು ಕೆಳಗಿಳಿದವು. ಅಪ್ಪನ ಮುಖ ಅರಳಿತು. ಹಿರಿಯರು ಮಾತ್ರ ಒಂದನ್ನು ಬಿಚ್ಚಿ, ಒಳಗಿನ ರಬ್ಬರ್ ಕಪ್ಪನ್ನು ಉಗುರಿನಿಂದ ಒತ್ತಿ ತೋರಿಸಿದರು. ಗೆರೆ ಹಾಗೇ ಉಳಿಯಿತು. ಕಬ್ಬಿಣಕ್ಕೆ ವಯಸ್ಸಾಗಿಲ್ಲ, ರಬ್ಬರಿಗೆ ಆಗಿದೆ. ಬಳಸದೆ ಇಟ್ಟರೂ ರಬ್ಬರು ಗಟ್ಟಿಯಾಗುತ್ತದೆ. ಎರಡು ಸಿಲಿಂಡರಿನ ಜೊತೆ ಅದೇ ಅಳತೆಯ ಹೊಸ ರಬ್ಬರ್ ಕಿಟ್‌ಗಳನ್ನು ಬೇರೆ ಅಂಗಡಿಯಿಂದ ತರಿಸಿ, ಪೊಟ್ಟಣದ ಮೇಲಿನ ತಾರೀಖು ಓದಿ ಕೊಟ್ಟರು. ‘ಪೆಟ್ರೋಲಲ್ಲಿ, ಡೀಸೆಲಲ್ಲಿ ತೊಳೀಬೇಡಿ. ಬ್ರೇಕ್ ಆಯಿಲಲ್ಲೇ ಒರೆಸಿ ಹಾಕಿ. ಡ್ರಮ್ಮಿನ ಪುಡೀನ ಬಾಯಲ್ಲಿ ಊದೋಕೆ ಬಿಡಬೇಡಿ’ ಎಂದರು. ಖನಿಜ ತೈಲ ತಾಗಿದರೆ ಬ್ರೇಕಿನ ರಬ್ಬರು ಉಬ್ಬಿ ಹಾಳಾಗುತ್ತದೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಕೇಡು, ಒದ್ದೆ ಬಟ್ಟೆಯಿಂದಲೇ ಒರೆಸಬೇಕು.

ಎಲ್ಲ ಸೇರಿ ಆದ ಬೆಲೆಗಿಂತ ಬಸ್ಸಿನ ಖರ್ಚೇ ಹೆಚ್ಚಾಗಿತ್ತು.

ಹಿರಿಯರು ಬ್ರೇಕ್ ಆಯಿಲನ್ನೂ ಪೂರ್ತಿ ಬದಲಿಸಲು ಹೇಳಿದ್ದರು. ವಿಜ್ಞಾನದ ವಿದ್ಯಾರ್ಥಿಗಳು ಇದಕ್ಕೊಂದು ಲೆಕ್ಕ ಮಾಡಿ ನೋಡಬಹುದು. ಸರಕು ಸಹಿತ 2,500 ಕಿಲೋಗ್ರಾಂ ತೂಗುವ ಪಿಕಪ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 3,47,000 ಜೂಲ್. ನಿಲ್ಲಿಸುವುದೆಂದರೆ ಈ ಶಕ್ತಿಯನ್ನು ಶಾಖವಾಗಿಸುವುದು. ಒಂದು ಲೀಟರಿಗೂ ತುಸು ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. ಇನ್ನು ಅದೇ ಗಾಡಿ 500 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವುದು ಒಂದು ಕೋಟಿ 22 ಲಕ್ಷ ಜೂಲ್. ಸುಮಾರು 39 ಲೀಟರ್ ನೀರು, ಸ್ನಾನದ ಹಂಡೆಯ ಲೆಕ್ಕ! ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲಿ ಇಳಿಯಿರಿ ಎನ್ನುವುದು ಈ ಶಾಖದಲ್ಲಿ ಒಂದು ಪಾಲನ್ನು ಎಂಜಿನ್ನಿಗೆ ವಹಿಸುವುದಕ್ಕಾಗಿ.

ಈ ಶಾಖ ಬ್ರೇಕ್ ಆಯಿಲಿಗೂ ತಾಗುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ನೂರಕ್ಕೆ ನಾಲ್ಕು ಪಾಲಿನಷ್ಟೂ ನೀರು ಸೇರಿಲ್ಲ, ಅಷ್ಟರಲ್ಲೇ ಕುದಿಯುವ ಮಟ್ಟ 140ರ ಸುಮಾರಿಗೆ ಇಳಿಯಬಹುದು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆಗ ಪೆಡಲ್ ತುಳಿದರೆ ಹತ್ತಿಯ ಮೂಟೆ ತುಳಿದಂತೆ. ಮಲೆನಾಡಿನ ಮಳೆಗಾಲದಲ್ಲಿ, ಮುಚ್ಚಳ ಸಡಿಲವಾಗಿದ್ದ ಆ ಗಾಡಿಯಲ್ಲಿ, ಆಯಿಲ್ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತ್ತು.

ಗುರುವಾರ ಕೆಲಸ ನಡೆಯಿತು. ಗ್ಯಾರೇಜಿನ ಹುಡುಗ ಅಂದು ಬಂದಿರಲಿಲ್ಲವಾದ್ದರಿಂದ ಏರ್ ತೆಗೆಯುವಾಗ ಪೆಡಲ್ ತುಳಿಯಲು ಮಗಳೇ ಕುಳಿತಳು. ಮಾಸ್ಟರಿನಿಂದ ಅತಿ ದೂರದ ಚಕ್ರದಿಂದ ಶುರು. ‘ತುಳಿ... ಹಿಡ್ಕೋ... ಬಿಡು’ ಎಂದು ಗಾಡಿಯಡಿಯಿಂದ ಮೇಸ್ತ್ರಿಯ ದನಿ. ಕೊಳವೆಯ ತುದಿಯಲ್ಲಿ ಮೊದಲು ಕಂದು ಆಯಿಲ್, ಆಮೇಲೆ ಗುಳ್ಳೆ, ಆಮೇಲೆ ತಿಳಿಯಾದ ಹೊಸ ಆಯಿಲ್. ನಲವತ್ತು ಸಲ ತುಳಿದ ಮೇಲೆ ಪೆಡಲ್ ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು. ಮಳೆ ಬಿಟ್ಟ ಹೊತ್ತು ನೋಡಿ ಊರ ಹೊರಗಿನ ಸಮತಟ್ಟಾದ ಖಾಲಿ ರಸ್ತೆಯಲ್ಲಿ ಅಪ್ಪ ಮೂರು ಸಲ ಓಡಿಸಿ ನಿಲ್ಲಿಸಿದರು. ಮೂರು ಸಲವೂ ಗಾಡಿ ಗೆರೆ ಎಳೆದಂತೆ ನೇರ ನಿಂತಿತು. ಮೇಸ್ತ್ರಿ ವರ್ನಿಯರನ್ನು ಒರೆಸಿ, ಮೊಳೆಗೆ ನೇತು ಹಾಕದೆ, ಸ್ಪ್ಯಾನರುಗಳ ಪೆಟ್ಟಿಗೆಯೊಳಗೆ ಇಟ್ಟುಕೊಂಡ. ಎಫ್.ಸಿ. ಮುಂದಿನ ವಾರವೇ ಆಯಿತು. ಶುಂಠಿಯ ಬಾಡಿಗೆ ಮಾತ್ರ ಮರಳಿ ಬರಲು ಎರಡು ತಿಂಗಳು ಹಿಡಿಯಿತು.

ಗುರುವಾರ ರಾತ್ರಿ ಊಟದ ಹೊತ್ತಿಗೆ ಮಗಳು ತಮ್ಮನಿಗೆ ಶೇಕಡ 31ರ ಲೆಕ್ಕವನ್ನು ತಟ್ಟೆ ಲೋಟ ಇಟ್ಟು ವಿವರಿಸುತ್ತಿದ್ದಳು. ‘ಅದಕ್ಕೇ ಅವತ್ತು ಹಿಂದಿನ ಭಾಗ ಗೋಡೆಗೆ...’ ಎಂದವಳು ನಾಲಿಗೆ ಕಚ್ಚಿಕೊಂಡಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ತಾಯಿ ಸಾರಿನ ಸೌಟನ್ನು ಪಾತ್ರೆಯೊಳಗೆ ಇಟ್ಟರು. ‘ನನಗೆ ಅವತ್ತೇ ಗೊತ್ತು’ ಎಂದರು. ‘ಗಾಡಿ ತೊಳೆದಿದ್ದು ನಾನು. ಹಿಂದಿನ ಬಾಗಿಲ ಮೂಲೇಲಿ ಗೋಡೆಯ ಬಿಳಿ ಬಣ್ಣ ಹತ್ತಿತ್ತು. ಕೇಳಿದ್ರೆ ರಸ್ತೆ ಜಾರು ಅಂತ ಹೇಳ್ತೀರಿ ಅಂತ ಕೇಳಲಿಲ್ಲ.’

ಆಮೇಲೆ ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.